ಮುಷ್ಕರ ಹೂಡಿದ ಮಕ್ಕಳು

ಮುಷ್ಕರ ಎಂಬ ಪದದೊಳಗೆ ಕೆಲಸವಿಲ್ಲ. ತಮಿಳಿನಲ್ಲಿ ವೇಲೈನಿರುತ್ತಂ ಎನ್ನುತ್ತಾರೆ, ಕೆಲಸ ನಿಲ್ಲಿಸುವುದು ಎಂದರ್ಥ. ಮಲಯಾಳದ ಪಣಿಮುಡಕ್ಕ್ ಕೂಡ ಅದೇ ಜಾತಿಯದು. ಕನ್ನಡಿಗರು ಮಾತ್ರ ಗಿರಣಿ, ಗಣಿ, ಬಸ್ ಡಿಪೋಗಳನ್ನು ಸ್ತಬ್ಧಗೊಳಿಸುವ ಈ ಕ್ರಿಯೆಗೆ ಕೆಲಸದ ಸುಳಿವೇ ಇಲ್ಲದ ಪದವೊಂದನ್ನು ಹಿಡಿದುಕೊಂಡರು. ನಿಘಂಟು ತೆರೆದರೆ ಮುಷ್ಕರದ ಎದುರು ಎರಡು ಅರ್ಥ ಸಿಗುತ್ತವೆ. ಹಟ, ಮೊಂಡುತನ ಎಂಬುದು ಒಂದು. ಬೇಡಿಕೆ ಈಡೇರುವ ತನಕ ಕೆಲಸಕ್ಕೆ ಹೋಗದಿರುವುದು ಇನ್ನೊಂದು. ಮೊದಲನೆಯ ಅರ್ಥ ಹಳತು, ಈಗಿನ ಮಾತಿನಲ್ಲಿ ಬಳಕೆ ತಪ್ಪಿದೆ. ಎರಡನೆಯದು ದಿನಬೆಳಗಾದರೆ ಪತ್ರಿಕೆಯಲ್ಲಿರುತ್ತದೆ.

2018ರಿಂದ ಈಚೆಗೆ ಶಾಲಾ ಮಕ್ಕಳು ಹವಾಮಾನದ ಹೆಸರಿನಲ್ಲಿ ತರಗತಿ ಬಿಟ್ಟು ಬೀದಿಗೆ ಬಂದಾಗ ಎದ್ದ ವಾಗ್ವಾದವನ್ನು ಓದುತ್ತ ಹೋದರೆ, ಅದೆಲ್ಲ ಈ ಎರಡು ಅರ್ಥಗಳ ನಡುವಿನ ಎಳೆದಾಟದಂತೆಯೇ ಕಾಣುತ್ತದೆ. ಮಕ್ಕಳದು ಮೊಂಡಾಟ ಎಂದರು ಒಂದು ಕಡೆಯವರು. ಹೋರಾಟ ಎಂದರು ಮತ್ತೊಂದು ಕಡೆಯವರು. ಹಟವೂ ಹೋರಾಟವೂ ಒಂದೇ ಪದದಲ್ಲಿ ಕೂಡಿಕೊಂಡಿರುವ ಭಾಷೆಯವರಾದ ನಮಗೆ ಈ ಜಗಳ ಬೇರೆ ರೀತಿಯಲ್ಲಿ ಅರ್ಥವಾಗಬೇಕು.

ಪದದ ಬುಡ ಸಂಸ್ಕೃತದಲ್ಲಿದೆ. ಮುಷ್ಕ ಎಂದರೆ ವೃಷಣ. ಇಲಿಯನ್ನು ಹೇಳುವ ಮೂಷ ಎಂಬುದರ ಬಳಗಕ್ಕೆ ಸೇರಿದ ಪದವಿದು, ಪುಟ್ಟ ಇಲಿ ಎಂಬ ಭಾವ. ಲ್ಯಾಟಿನ್ ಮಾತಾಡುವವರು ಅದೇ ಪುಟ್ಟ ಇಲಿಯನ್ನು ತೋಳಿನ ಸ್ನಾಯುವಿನಲ್ಲಿ ಕಂಡು ಮಸ್ಕ್ಯುಲಸ್ ಎಂದರು. ಇಂಗ್ಲಿಷಿನ ಮಸಲ್ ಹುಟ್ಟಿದ್ದು ಹಾಗೆ. ಪಾಣಿನಿ ಅಷ್ಟಾಧ್ಯಾಯಿಯ ಐದನೆಯ ಅಧ್ಯಾಯದಲ್ಲಿ ನಾಲ್ಕು ಪದಗಳನ್ನು ಒಟ್ಟಿಗಿಟ್ಟು, ಇವುಗಳಿಗೆ ‘ಉಳ್ಳ’ ಎಂಬ ಅರ್ಥದಲ್ಲಿ ರ ಎಂಬ ಪ್ರತ್ಯಯ ಹತ್ತುತ್ತದೆ ಎಂದು ವಿಧಿಸುತ್ತಾನೆ. ಊಷ, ಸುಷಿ, ಮುಷ್ಕ, ಮಧು ಆ ನಾಲ್ಕು. ಕಾಶಿಕಾವೃತ್ತಿ ಇದಕ್ಕೆ ಕೊಡುವ ಉದಾಹರಣೆಗಳೂ ಸೊಗಸಾಗಿವೆ: ಊಷರ ಎನ್ನುವುದಕ್ಕೆ ಹೊಲ, ಸುಷಿರಕ್ಕೆ ಮರದ ತುಂಡು, ಮುಷ್ಕರಕ್ಕೆ ಪಶು, ಮಧುರಕ್ಕೆ ಬೆಲ್ಲ. ಅಂದರೆ ನಮ್ಮ ಮುಷ್ಕರ ಮಧುರದ ಒಡಹುಟ್ಟು. ಸವುಳು ಭೂಮಿಗೂ ಕೊಳಲು, ಶಹನಾಯಿಯಂಥ ಸುಷಿರ ವಾದ್ಯಗಳಿಗೂ ನೆಂಟ.

ಮುಷ್ಕರ ಪಶು ಎಂದರೆ ಬೀಜದ ಹೋರಿ. ದನ ಕಟ್ಟಿದ ಮನೆಯವರಿಗೆ ಮುಂದಿನದನ್ನು ಬಿಡಿಸಿ ಹೇಳಬೇಕಿಲ್ಲ. ಬೀಜ ಒಡೆಸಿದ ಎತ್ತು ನೊಗಕ್ಕೆ ಹೆಗಲು ಕೊಡುತ್ತದೆ. ಬೀಜದ ಹೋರಿ ಮೂಗುದಾರ ಜಗ್ಗಿದರೂ ನಾಲ್ಕು ಕಾಲೂರಿ ನಿಂತುಬಿಡುತ್ತದೆ. ಪಶುವಿನಿಂದ ಬಲಕ್ಕೆ, ಬಲದಿಂದ ಮಣಿಯದಿರುವಿಕೆಗೆ, ಅಲ್ಲಿಂದ ಹಟಕ್ಕೆ ಅರ್ಥ ಸಾಗಿದ ದಾರಿ ಇದೇ ಇರಬೇಕು. ಆಮೇಲೆ ದಾರಿ ಕವಲೊಡೆಯಿತು. ತೆಲುಗಿನಲ್ಲಿ ಮುಷ್ಕರುಡು ಎಂದರೆ ಮೊಂಡ, ದುಷ್ಟ. ಇಂದಿನ ತೆಲುಗು ಪತ್ರಿಕೆಗಳು ಭಯೋತ್ಪಾದಕರನ್ನು ಮುಷ್ಕರುಲು ಎಂದು ಬರೆಯುತ್ತವೆ. ಕಾರ್ಮಿಕರ ಹೋರಾಟಕ್ಕೆ ಅಲ್ಲಿ ಸಮ್ಮೆ ಎಂಬ ಬೇರೆಯೇ ಪದವಿದೆ. ಕನ್ನಡದಲ್ಲಿ ಮುಷ್ಕರ ದುಡಿಯುವವರ ಪಾಲಿಗೆ ಬಂತು. 1930ರಲ್ಲಿ ಕೋಲಾರದ ಚಿನ್ನದ ಗಣಿಯ ಕಾರ್ಮಿಕರು ತಮ್ಮ ಬೆರಳಚ್ಚು ತೆಗೆದುಕೊಳ್ಳುವ ನಿಯಮವನ್ನು ವಿರೋಧಿಸಿ ಸುರಂಗಕ್ಕೆ ಇಳಿಯದೆ ನಿಂತರಲ್ಲ, ಅಂಥದಕ್ಕೆ ಈ ಪದ. ಬಾಯಿಮಾತಿನಲ್ಲಿ ಸ್ಟ್ರೈಕು, ಬೆಳಗಾವಿ ಧಾರವಾಡದ ಕಡೆ ಮರಾಠಿಯಿಂದ ಬಂದ ಸಂಪು, ಅಚ್ಚಿನಲ್ಲಿ ಮುಷ್ಕರ. ಒಂದೇ ಮೂಲದ ಪದ ಗಡಿಯ ಆಚೆ ಖಳನಿಗೆ, ಈಚೆ ಕೂಲಿಕಾರನಿಗೆ ಅಂಟಿಕೊಂಡಿತು.

ಹಟಕ್ಕೆ ಕನ್ನಡದಲ್ಲಿ ಇರುವಷ್ಟು ಹೆಸರು ಬೇರೆ ಎಷ್ಟು ಗುಣಗಳಿಗೆ ಇದ್ದಾವು! ಆದರೆ ಹಟ ಯಾರದು ಎಂಬುದರ ಮೇಲೆ ಹೆಸರು ಬದಲಾಗುತ್ತದೆ. ಮಗು ಮಾಡಿದರೆ ರಚ್ಚೆ, ರಂಪ, ಮೊಂಡಾಟ. ಜಟ್ಟಿ ಮಾಡಿದರೆ ಪಟ್ಟು. ರಾಜ ಮಾಡಿದರೆ ಛಲ. ಸಂಸ್ಕೃತದಲ್ಲಿ ಮೋಸ ಎಂಬ ಅರ್ಥದ ಛಲವನ್ನು ಕನ್ನಡ ಎತ್ತಿಕೊಂಡು ಗುಣವಾಗಿಸಿತು, ಪಂಪನು ದುರ್ಯೋಧನನನ್ನು ಕೊನೆಗೆ ನೆನೆಯುವುದೂ ಆ ಗುಣಕ್ಕಾಗಿಯೇ. ದಕ್ಷಿಣ ಆಫ್ರಿಕಾದಲ್ಲಿ ಗಾಂಧಿ ತಮ್ಮ ಚಳವಳಿಗೆ ಹೆಸರು ಹುಡುಕುತ್ತಿದ್ದಾಗ ಮಗನ್‌ಲಾಲ್ ಗಾಂಧಿ ಸೂಚಿಸಿದ್ದು ಸದಾಗ್ರಹ. ಗಾಂಧಿ ಅದನ್ನು ಸತ್ಯಾಗ್ರಹ ಎಂದು ತಿದ್ದಿದರು. ಆಗ್ರಹ ಎಂದರೂ ಬಿಗಿಯಾಗಿ ಹಿಡಿಯುವುದೇ, ಹಟವೇ. ಹಿಡಿದದ್ದು ಯಾವುದು ಎಂದು ಹೇಳಿಬಿಟ್ಟಾಗ ಅದೇ ಹಟಕ್ಕೆ ಮರ್ಯಾದೆ ಬಂತು.

ಸ್ಟಾಕ್‌ಹೋಮಿನ ಹುಡುಗಿ ಹಿಡಿದದ್ದು ಏನನ್ನು? 2018ರ ಆಗಸ್ಟ್ 20, ಸೋಮವಾರ. 15 ವರ್ಷದ ಗ್ರೆಟಾ ಥುನ್‌ಬರ್ಗ್ ಸ್ವೀಡನ್ನಿನ ಸಂಸತ್ತಿನ ಹೊರಗೆ ಕಲ್ಲುಹಾಸಿನ ಮೇಲೆ, ಗೋಡೆಗೆ ಬೆನ್ನು ಕೊಟ್ಟು ಕುಳಿತಳು. ಮಗ್ಗುಲಲ್ಲಿ ಶಾಲೆಯ ಬ್ಯಾಗು. ಬಿಳಿ ಬಳಿದ ಹಲಗೆಯ ಮೇಲೆ ಕಪ್ಪು ದಪ್ಪಕ್ಷರಗಳಲ್ಲಿ ಮೂರೇ ಪದ: ಹವಾಮಾನಕ್ಕಾಗಿ ಶಾಲಾ ಮುಷ್ಕರ. ಹಂಚಲು ತಂದ ಕರಪತ್ರಗಳಲ್ಲಿ ಹವಾಮಾನದ ಅಂಕಿಸಂಖ್ಯೆಗಳಿದ್ದವು. ಜೊತೆಗೆ ಬನ್ನಿ ಎಂದು ಕೇಳಿಕೊಂಡಿದ್ದ ಮಕ್ಕಳಲ್ಲಿ ಯಾರೂ ಬಂದಿರಲಿಲ್ಲ. ಮೊದಲ ದಿನವಿಡೀ ಒಬ್ಬಳೇ. ಮರುದಿನ ಕೆಲವರು ಬಂದು ಪಕ್ಕದಲ್ಲಿ ಕುಳಿತರು. ಆ ಬೇಸಿಗೆಯಲ್ಲಿ ಸ್ವೀಡನ್ ಎಂದೂ ಕಾಣದಂಥ ಸೆಕೆ ಕಂಡಿತ್ತು, ಕಾಡುಗಳು ಹೊತ್ತಿ ಉರಿದಿದ್ದವು, ಸೆಪ್ಟೆಂಬರ್ 9ಕ್ಕೆ ಮಹಾಚುನಾವಣೆ ಇತ್ತು. ಮತದಾನದ ತನಕ ಪ್ರತಿ ಶಾಲಾದಿನವೂ, ಆಮೇಲೆ ಪ್ರತಿ ಶುಕ್ರವಾರವೂ ಆಕೆ ಕೂತಳು. 2019ರ ಮಾರ್ಚ್ 15ರ ಹೊತ್ತಿಗೆ 120ಕ್ಕೂ ಹೆಚ್ಚು ದೇಶಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಬೀದಿಗಿಳಿದಿದ್ದರು.

ಹಲಗೆಯ ಮೇಲಿದ್ದ ಸ್ಟ್ರೆಯ್ಕ್ ಎಂಬ ಸ್ವೀಡಿಷ್ ಪದ ಇಂಗ್ಲಿಷಿನಿಂದ ಸಾಲ ತಂದದ್ದು. ಇಂಗ್ಲಿಷಿನಲ್ಲಿ ಸ್ಟ್ರೈಕ್ ಈ ಅರ್ಥ ಪಡೆದದ್ದು 1768ರಲ್ಲಿ, ಲಂಡನ್ನಿನ ನಾವಿಕರು ಕೂಲಿಗಾಗಿ ಜಗಳ ತೆಗೆದು ಹಡಗುಗಳ ಹಾಯಿ ಇಳಿಸಿ ಕೂತಾಗ. ಹಾಯಿ ಇಳಿಸುವುದಕ್ಕೆ ನಾವಿಕರ ಮಾತಿನಲ್ಲಿ ಸ್ಟ್ರೈಕ್ ಎನ್ನುತ್ತಿದ್ದರು. ಫ್ರೆಂಚರ ಗ್ರೇವ್ ಹುಟ್ಟಿದ್ದು ಪ್ಯಾರಿಸ್ಸಿನಲ್ಲಿ ಕೂಲಿ ಹುಡುಕುವವರು ನೆರೆಯುತ್ತಿದ್ದ ನದಿದಂಡೆಯ ಚೌಕದ ಹೆಸರಿನಿಂದ. ಎರಡರ ಬೆನ್ನಿಗೂ ಕೂಲಿಯೇ ಇದೆ. ಅದಕ್ಕೇ ಯುರೋಪಿನಲ್ಲಿ ಮೊದಲ ತಕರಾರು ಪದದ ಮೇಲೆಯೇ ಬಂತು. ಸಂಬಳವಿಲ್ಲದ ಮಕ್ಕಳು ಸ್ಟ್ರೈಕ್ ಮಾಡುವುದೆಂದರೇನು? ನಷ್ಟ ಯಾರಿಗೆ? ಇದು ಶಾಲೆಗೆ ಚಕ್ಕರ್ ಹೊಡೆಯುವುದು, ಅಷ್ಟೇ ಎಂದರು. ನಮ್ಮ 1947ರ ಕೈಗಾರಿಕಾ ವಿವಾದ ಕಾಯ್ದೆಯ ವ್ಯಾಖ್ಯೆಯೂ ಉದ್ಯಮದಲ್ಲಿ ನೌಕರಿಗಿರುವವರನ್ನೇ ಕುರಿತದ್ದಾಗಿತ್ತು, ವಿದ್ಯಾರ್ಥಿಗೆ ಅಲ್ಲಿ ಜಾಗವಿರಲಿಲ್ಲ. ಕನ್ನಡದ ಪದಕ್ಕೆ ಈ ತೊಡಕಿಲ್ಲ. ಮುಷ್ಕರದೊಳಗೆ ಕೂಲಿಯೂ ಇಲ್ಲ, ಕೆಲಸವೂ ಇಲ್ಲ, ಮಣಿಯೆನೆಂಬ ನಿಲುವು ಮಾತ್ರ ಇದೆ. ನಿಲ್ಲುವುದಕ್ಕೆ ಹಾಜರಿಪಟ್ಟಿ ಬೇಕಿಲ್ಲ.

ಮಕ್ಕಳು ಹೀಗೆ ನಿಂತದ್ದು ಹೊಸದೂ ಅಲ್ಲ. 1911ರ ಸೆಪ್ಟೆಂಬರ್‌ನಲ್ಲಿ ವೇಲ್ಸ್‌ನ ಲನೆತ್ಲಿ ಎಂಬ ಊರಿನ ಶಾಲೆಯಲ್ಲಿ ಹುಡುಗನೊಬ್ಬನಿಗೆ ಛಡಿಯೇಟು ಬಿದ್ದದ್ದಕ್ಕೆ ಸಹಪಾಠಿಗಳು ಹೊರನಡೆದರು. ಅದು ಬ್ರಿಟನ್ನಿನ ಹತ್ತಾರು ಊರುಗಳಿಗೆ ಹಬ್ಬಿತು. ಮೈಸೂರಿನ ರಾಮಸ್ವಾಮಿ ವೃತ್ತ ದಾಟುವವರಿಗೆ ಆ ಹೆಸರು 1947ರ ಮೈಸೂರು ಚಲೋ ಚಳವಳಿಯಲ್ಲಿ ಗುಂಡಿಗೆ ಬಲಿಯಾದ ವಿದ್ಯಾರ್ಥಿಯದು ಎಂದು ಗೊತ್ತಿರುತ್ತದೆ. ಹಿಂದಿನ ಮಕ್ಕಳು ತಮ್ಮ ಮೈಮೇಲಿನ ಏಟಿಗೆ, ತಮ್ಮ ನಾಡಿನ ಆಡಳಿತಕ್ಕೆ ಎದುರಾಗಿ ಎದ್ದರು. 2018ರ ಮಕ್ಕಳು ಎದ್ದದ್ದು ವಿಜ್ಞಾನದ ವರದಿಗಳನ್ನು ದೊಡ್ಡವರು ಓದಿಯೂ ಪಾಲಿಸಲಿಲ್ಲವೆಂದು. ಇದಕ್ಕೆ ಹಿಂದಿನ ಮಾದರಿ ನನಗಂತೂ ಕಾಣದು.

ದೊಡ್ಡವರ ಉತ್ತರ ಎಲ್ಲ ಕಡೆಯೂ ಒಂದೇ ದನಿಯಲ್ಲಿ ಬಂತು. ಆಸ್ಟ್ರೇಲಿಯಾದ ಆಗಿನ ಪ್ರಧಾನಿ ಸ್ಕಾಟ್ ಮಾರಿಸನ್ ಶಾಲೆಗಳಲ್ಲಿ ಕಲಿಕೆ ಹೆಚ್ಚಲಿ, ಚಳವಳಿ ಕಡಿಮೆಯಾಗಲಿ ಎಂದರು. ಬ್ರಿಟನ್ನಿನ ಪ್ರಧಾನಿ ಕಚೇರಿ ಪಾಠದ ಸಮಯ ಹಾಳಾಗುತ್ತದೆ ಎಂದು ಮರುಗಿತು. ಜರ್ಮನಿಯ ಎಫ್‌ಡಿಪಿ ಪಕ್ಷದ ಆಗಿನ ನಾಯಕ ಕ್ರಿಸ್ಟಿಯಾನ್ ಲಿಂಡ್ನರ್ 2019ರ ಮಾರ್ಚ್‌ನಲ್ಲಿ, ಮಕ್ಕಳಿಂದ ಜಾಗತಿಕ ಸಂಗತಿಗಳ ಪೂರ್ಣ ತಿಳಿವಳಿಕೆ ನಿರೀಕ್ಷಿಸಲಾಗದು, ಇದು ಪರಿಣತರ ಕೆಲಸ ಎಂದರು. ಈ ಕೊನೆಯ ಮಾತು ಬಂದು ಎರಡು ದಿನಕ್ಕೆ ಬರ್ಲಿನ್ನಿನಲ್ಲಿ ವಿಜ್ಞಾನಿಗಳು ಪತ್ರಿಕಾಗೋಷ್ಠಿ ಕರೆದರು. ನವೀಕರಿಸಬಹುದಾದ ಇಂಧನಗಳ ಪ್ರಾಧ್ಯಾಪಕ ಫೋಲ್ಕರ್ ಕ್ವಾಶ್ನಿಂಗ್ ಅಲ್ಲಿ ಹೇಳಿದ್ದರ ಸಾರ ಇಷ್ಟು: ಆ ಪರಿಣತರು ನಾವೇ, ಮಕ್ಕಳು ಹೇಳುತ್ತಿರುವುದು ಸರಿ. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್‌ಲೆಂಡಿನ 26,800ಕ್ಕೂ ಹೆಚ್ಚು ವಿಜ್ಞಾನಿಗಳು ಇದೇ ಅರ್ಥದ ಹೇಳಿಕೆಯೊಂದಕ್ಕೆ ಸಹಿ ಹಾಕಿದರು. ಮೊಂಡಾಟ ಎಂಬ ಆಪಾದನೆ ನಿಲ್ಲಬೇಕಾದರೆ ಮಕ್ಕಳು ಹಿಡಿದದ್ದು ಸುಳ್ಳಾಗಿರಬೇಕಿತ್ತು. ಅದು ಸುಳ್ಳಲ್ಲವೆಂದು ಬಲ್ಲವರು ಸಾಲಾಗಿ ಬಂದು ಸಾಕ್ಷಿ ನುಡಿದರು. ಇಡೀ ವಾಗ್ವಾದದಲ್ಲಿ ನನಗೆ ತುಂಬ ಮುಖ್ಯವೆನಿಸುವ ಘಟನೆ ಇದು.

ಅವರು ಹಿಡಿದ ವಿಜ್ಞಾನಕ್ಕೆ ವಯಸ್ಸೂ ಆಗಿತ್ತು. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ಭೂಮಿ ಎಷ್ಟು ಕಾಯುತ್ತದೆ ಎಂದು ಸ್ವಾಂಟೆ ಅರೇನಿಯಸ್ ಲೆಕ್ಕ ಹಾಕಿ ಪ್ರಕಟಿಸಿದ್ದು 1896ರಲ್ಲಿ, ಅದೇ ಸ್ಟಾಕ್‌ಹೋಮಿನಲ್ಲಿ ಕೂತು. ಅನಿಲ ಎರಡು ಪಟ್ಟಾದರೆ ಐದಾರು ಡಿಗ್ರಿ ಎಂದಿದ್ದ. ಈಗಿನ ಅಂದಾಜು ಸುಮಾರು 3 ಡಿಗ್ರಿ. ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಚಾರ್ಲ್ಸ್ ಕೀಲಿಂಗ್ ಅಳೆಯಲು ಶುರುಮಾಡಿದ 1958ರಲ್ಲಿ ಗಾಳಿಯ ಪ್ರತಿ ಹತ್ತು ಲಕ್ಷ ಭಾಗದಲ್ಲಿ ಆ ಅನಿಲ 315 ಭಾಗದ ಹತ್ತಿರವಿತ್ತು. ಗ್ರೆಟಾ ಕಲ್ಲುಹಾಸಿನ ಮೇಲೆ ಕೂತ ವರ್ಷ 408ರ ಆಸುಪಾಸು. ವಿಜ್ಞಾನವನ್ನು ನಂಬುವುದು ಎಂಬ ಮಾತಿಗೆ, ಪ್ರಶ್ನಿಸುವುದೇ ವಿಜ್ಞಾನವಾಗಿರುವಾಗ ನಂಬುವುದೇನು ಎಂದು ಕೇಳುವವರಿದ್ದಾರೆ. ನಿಜ, ಪ್ರಶ್ನಿಸಬೇಕು. ಅರೇನಿಯಸ್‌ನನ್ನು ಒಂದು ಶತಮಾನ ಪ್ರಶ್ನಿಸಿದ ಮೇಲೇ ಆರು 3ಕ್ಕೆ ಇಳಿದದ್ದು. ಎಷ್ಟು ಪ್ರಶ್ನಿಸಿದರೂ ಸೊನ್ನೆಗೆ ಇಳಿಯಲಿಲ್ಲ. ನಂಬಿಕೆ ಹುಟ್ಟುವುದು ಅಲ್ಲಿ.

ಮಕ್ಕಳು ಎಡವಿದ್ದೂ ಉಂಟು, ಅದನ್ನು ಮುಚ್ಚಿಡಬಾರದು. 2018ರ ಅಕ್ಟೋಬರ್‌ನಲ್ಲಿ ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನ ಸಮಿತಿಯಾದ ಐಪಿಸಿಸಿ ವರದಿಯೊಂದನ್ನು ಹೊರತಂದಿತು. ತಾಪ ಏರಿಕೆಯನ್ನು 1.5 ಡಿಗ್ರಿಯಲ್ಲಿ ತಡೆಯಬೇಕಾದರೆ 2030ರ ಹೊತ್ತಿಗೆ ಇಂಗಾಲದ ಡೈಆಕ್ಸೈಡ್ ಉಗುಳುವಿಕೆ 2010ರ ಮಟ್ಟಕ್ಕಿಂತ ಸುಮಾರು ಶೇ 45ರಷ್ಟು ತಗ್ಗಬೇಕು, 2050ರ ಸುಮಾರಿಗೆ ನಿವ್ವಳ ಸೊನ್ನೆಯಾಗಬೇಕು ಎಂಬುದು ಅದರ ಲೆಕ್ಕ. ಬೀದಿಗೆ ಬಂದಾಗ ಅದು ‘ಉಳಿದಿರುವುದು 12 ವರ್ಷ’ ಎಂಬ ಘೋಷಣೆಯಾಯಿತು, 12 ವರ್ಷಕ್ಕೆ ಪ್ರಳಯ ಎಂಬಂತೆ. ಆ ವರದಿ ಬರೆದವರಲ್ಲಿ ಒಬ್ಬರಾದ ಆಕ್ಸ್‌ಫರ್ಡಿನ ಮೈಲ್ಸ್ ಅಲೆನ್ 2019ರ ಏಪ್ರಿಲ್‌ನಲ್ಲಿ ಲೇಖನ ಬರೆದು, 2030 ಎಂಬುದು ಗೋಡೆಯಲ್ಲ, ಹೀಗೆ ಹೇಳಬೇಡಿ ಎಂದು ಮಕ್ಕಳನ್ನು ಎಚ್ಚರಿಸಿದರು. ಬೆನ್ನಿಗೆ ನಿಂತವರೇ ತಿದ್ದಿದರು. ಗ್ರೆಟಾ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ 2019ರ ಸೆಪ್ಟೆಂಬರ್‌ನಲ್ಲಿ ಭಾಷಣದ ಬದಲು ಆ ಐಪಿಸಿಸಿ ವರದಿಯನ್ನೇ ಸಾಕ್ಷ್ಯವಾಗಿ ಸಲ್ಲಿಸಿ, ನನ್ನ ಮಾತು ಬೇಡ, ವಿಜ್ಞಾನಿಗಳ ಮಾತು ಕೇಳಿ ಎಂದಳು. ತನ್ನ ಮಾತು ಬೇಡ ಎನ್ನುವ ಹಟವನ್ನು ರಚ್ಚೆಯ ಸಾಲಿಗೆ ಸೇರಿಸುವುದು ನನಗೆ ಸಾಧ್ಯವಾಗದು.

ಮೊಂಡುತನ ಎಂಬ ಅರ್ಥ ಈ ಕಥೆಯಲ್ಲಿ ನಿಜಕ್ಕೂ ಯಾರಿಗೆ ಒಪ್ಪುತ್ತದೆ ಎಂಬುದಕ್ಕೆ 2023ರ ಜನವರಿಯ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಉತ್ತರವಿದೆ. ಎಕ್ಸಾನ್ ತೈಲ ಕಂಪನಿಯ ವಿಜ್ಞಾನಿಗಳು 1977ರಿಂದ 2003ರ ನಡುವೆ ಮಾಡಿದ್ದ ತಾಪಮಾನದ ಮುನ್ನಂದಾಜುಗಳನ್ನು ಸಂಶೋಧಕರು ಒರೆಗೆ ಹಚ್ಚಿದರು. ಶೇ 63ರಿಂದ 83ರಷ್ಟು ಅಂದಾಜುಗಳು ಆಮೇಲೆ ನಡೆದದ್ದಕ್ಕೆ ಸರಿಯಾಗಿ ಹೊಂದಿದ್ದವು. ಒಳಗೆ ಇಷ್ಟು ಚೆನ್ನಾಗಿ ಲೆಕ್ಕ ಗೊತ್ತಿದ್ದ ಕಂಪನಿ ಹೊರಗೆ ದಶಕಗಳ ಕಾಲ ಸಂಶಯ ಬಿತ್ತಿತು. ಗೊತ್ತಿದ್ದೂ ಮಣಿಯದಿರುವುದಕ್ಕೆ ಪದದ ಹಳೆಯ ಅರ್ಥ ಸರಿಹೊಂದುತ್ತದೆ. ಇಷ್ಟಾಗಿಯೂ ಜನ ವಿಜ್ಞಾನಿಗಳನ್ನು ಕೈಬಿಟ್ಟಿಲ್ಲ. 68 ದೇಶಗಳ 71,922 ಮಂದಿಯನ್ನು ಕೇಳಿ 2025ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವಿಜ್ಞಾನಿಗಳ ಮೇಲಿನ ನಂಬಿಕೆ 5ಕ್ಕೆ ಸರಾಸರಿ 3.62 ಬಂದಿತ್ತು.

ನಮ್ಮ ದೇಶದಲ್ಲಿ ಈ ಹಟಕ್ಕೆ ಮೂಲ ಪಾಠಪುಸ್ತಕವೇ. ಪರಿಸರವನ್ನು ಕಡ್ಡಾಯವಾಗಿ ಕಲಿಸಿ ಎಂದು ಸುಪ್ರೀಂ ಕೋರ್ಟ್ ಎಂ.ಸಿ. ಮೆಹ್ತಾ ಪ್ರಕರಣದಲ್ಲಿ 1991ರಲ್ಲೇ ಹೇಳಿತು. ಸಂವಿಧಾನದ 51ಎ ವಿಧಿಯ ಮೂಲಭೂತ ಕರ್ತವ್ಯಗಳಲ್ಲಿ ಪರಿಸರ ಕಾಪಾಡುವುದು, ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಎಂಬೆರಡು ಒಂದರ ಕೆಳಗೊಂದು ಇವೆ. ಕಲಿಸಿದ್ದನ್ನು ಕಲಿತವರು ಕೇಳತೊಡಗಿದಾಗ ಏನಾಯಿತು? 2020ರಲ್ಲಿ ಪರಿಸರ ಪರಿಣಾಮ ಅಂದಾಜು ನಿಯಮಗಳ ಹೊಸ ಕರಡು ಬಂತು. ಅದನ್ನು ವಿರೋಧಿಸಿ ಪರಿಸರ ಸಚಿವರಿಗೆ ರಾಶಿ ಇಮೇಲ್ ಹೋದವೆಂದು ಶುಕ್ರವಾರದ ಮುಷ್ಕರಗಳ ಭಾರತದ ಸಂಘಟನೆ ‘ಫ್ರೈಡೇಸ್ ಫಾರ್ ಫ್ಯೂಚರ್ ಇಂಡಿಯಾ’ದ ಜಾಲತಾಣ ಕೆಲಕಾಲ ಮುಚ್ಚಿಹೋಯಿತು. ದೆಹಲಿ ಪೊಲೀಸರ ನೋಟಿಸಿನಲ್ಲಿ ಭಯೋತ್ಪಾದನೆ ತಡೆಯುವ ಯುಎಪಿಎ ಕಾಯ್ದೆಯ ಉಲ್ಲೇಖವಿತ್ತು. ತಪ್ಪಿ ಹೋಗಿದ್ದೆಂದು ಆಮೇಲೆ ಅದನ್ನು ಹಿಂತೆಗೆದುಕೊಂಡರು. ಆ ಸಂಘಟನೆಯಲ್ಲಿದ್ದ ಬೆಂಗಳೂರಿನ ದಿಶಾ ರವಿ 2021ರ ಫೆಬ್ರುವರಿ 13ರಂದು ರೈತ ಹೋರಾಟವನ್ನು ಬೆಂಬಲಿಸುವ ಬಗೆ ತಿಳಿಸುತ್ತಿದ್ದ ‘ಟೂಲ್‌ಕಿಟ್’ ಕಡತದ ಪ್ರಕರಣದಲ್ಲಿ ಬಂಧಿತರಾದರು. ಹತ್ತು ದಿನದ ಬಳಿಕ, ಸಾಕ್ಷ್ಯ ತೀರ ಸಾಲದೆಂದು ದೆಹಲಿಯ ನ್ಯಾಯಾಲಯ ಜಾಮೀನು ಕೊಟ್ಟಿತು. ಕನ್ನಡದ ಮುಷ್ಕರವನ್ನು ತೆಲುಗಿನ ಮುಷ್ಕರವಾಗಿ ಓದುವುದು ಎಷ್ಟು ಸುಲಭ ಎಂದು ಇಲ್ಲಿ ಎದೆ ಝಲ್ಲೆನ್ನುತ್ತದೆ.

ಅದೇ ಕರಡಿನ ವಿಷಯದಲ್ಲಿ ಇನ್ನೊಂದು ಸಂಗತಿ ನಡೆಯಿತು. ಅದನ್ನು ಎಂಟನೆಯ ಅನುಸೂಚಿಯ 22 ಭಾಷೆಗಳಿಗೂ ಅನುವಾದಿಸಿ ಜನರ ಮುಂದಿಡಿ ಎಂದು ದೆಹಲಿ ಹೈಕೋರ್ಟ್ ಆದೇಶಿಸಿತು. ಅಂತಿಮ ಅಧಿಸೂಚನೆಗೆ ಕರ್ನಾಟಕ ಹೈಕೋರ್ಟ್ 2020ರ ಆಗಸ್ಟ್‌ನಲ್ಲಿ ತಡೆ ನೀಡಿತು. ಊರಿನ ಹೊಳೆ, ಗುಡ್ಡದ ಹಣೆಬರಹ ಬರೆಯುವ ಕಾಗದ ಊರವರ ಭಾಷೆಯಲ್ಲಿ ಇರಬೇಕೆಂಬುದಕ್ಕೂ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು.

ಶುಕ್ರವಾರ ಶಾಲೆ ಬಿಡುವುದರ ಬೆಲೆ ಎಲ್ಲ ಮಕ್ಕಳಿಗೂ ಒಂದೇ ಅಲ್ಲ ಎಂಬುದನ್ನೂ ಹೇಳಬೇಕು. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2002ರಲ್ಲಿ ಮೊದಲು ಈಶಾನ್ಯ ಜಿಲ್ಲೆಗಳಲ್ಲಿ ಶುರುವಾದ ಬಿಸಿಯೂಟವನ್ನೇ ನಂಬಿರುವ ಮಗುವಿಗೆ ಶಾಲೆ ತಪ್ಪಿದರೆ ಊಟವೂ ತಪ್ಪುತ್ತದೆ. ಬಿಸಿಲು ಹೆಚ್ಚು ಸುಡುವುದೂ ಅದೇ ಮಗುವಿನ ತಲೆಯನ್ನು. ರಾಯಚೂರು, ಕಲಬುರಗಿಯ ಮಗು ಬೀದಿಗೆ ಬರಲಿಲ್ಲವೆಂದರೆ ಅದಕ್ಕೆ ಹವಾಮಾನದ ಚಿಂತೆಯಿಲ್ಲ ಎಂದಲ್ಲ.

ಕನ್ನಡದಲ್ಲಿ ಮುಷ್ಕರವನ್ನು ಮಾಡುವುದಕ್ಕಿಂತ ಹೂಡುವುದೇ ಹೆಚ್ಚು. ನೇಗಿಲು ಹೂಡುತ್ತೇವೆ, ಬಾಣ ಹೂಡುತ್ತೇವೆ, ದಾವೆಯನ್ನೂ ಹೂಡುತ್ತೇವೆ. ಕೋವಿಡ್ ಬಂದು ಬೀದಿಗಳು ಬರಿದಾದ ಮೇಲೆ ಈ ಮಕ್ಕಳ ಹೋರಾಟ ಮುಷ್ಕರದಿಂದ ದಾವೆಯ ಕಡೆಗೆ ಹೊರಳಿದ್ದನ್ನು ಕಾಣಬಹುದು. ಆ ದಾರಿ ಮೊದಲೇ ತೆರೆದಿತ್ತು. ಉತ್ತರಾಖಂಡದ ರಿಧಿಮಾ ಪಾಂಡೆ 2017ರಲ್ಲೇ, ಒಂಬತ್ತರ ವಯಸ್ಸಿನಲ್ಲಿ, ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಗಿದ್ದಳು. ಅರ್ಜಿ 2019ರಲ್ಲಿ ವಜಾ ಆಯಿತು. ಅದೇ ವರ್ಷ ಆಕೆಯೂ ಗ್ರೆಟಾಳೂ ಸೇರಿ 16 ಮಕ್ಕಳು ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಸಮಿತಿಗೆ ದೂರಿತ್ತರು. ಮೊದಲು ನಿಮ್ಮ ನಿಮ್ಮ ದೇಶದ ಕೋರ್ಟುಗಳಿಗೆ ಹೋಗಿ ಎಂದು 2021ರಲ್ಲಿ ಸಮಿತಿ ಅದನ್ನು ಕೈಬಿಟ್ಟಿತು. ಜರ್ಮನಿಯಲ್ಲಾದರೋ ಗೆಲುವು ಸಿಕ್ಕಿತು: 2021ರ ಮಾರ್ಚ್‌ನಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ, 2030ರ ನಂತರದ ಭಾರವನ್ನೆಲ್ಲ ಎಳೆಯರ ತಲೆಗೆ ಕಟ್ಟುವ ಹವಾಮಾನ ಕಾನೂನು ಭಾಗಶಃ ಅಸಾಂವಿಧಾನಿಕ ಎಂದಿತು.

ದಕ್ಷಿಣ ಪೆಸಿಫಿಕ್ ವಿಶ್ವವಿದ್ಯಾಲಯದ 27 ಕಾನೂನು ವಿದ್ಯಾರ್ಥಿಗಳು 2019ರಲ್ಲಿ ಶುರುಮಾಡಿದ ಕೆಲಸ ಇನ್ನೂ ದೂರ ಹೋಯಿತು. ಸಮುದ್ರ ಏರಿದರೆ ನೆಲ ಕಳೆದುಕೊಳ್ಳುವ ದ್ವೀಪಗಳ ಹುಡುಗ ಹುಡುಗಿಯರು ಅವರು. ವನುವಾಟು ಸರ್ಕಾರ ಅವರ ಮಾತಿಗೆ ಬಾಯಾಯಿತು, 2023ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಹವಾಮಾನದ ವಿಷಯದಲ್ಲಿ ದೇಶಗಳ ಹೊಣೆಯೇನೆಂದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ಅಭಿಪ್ರಾಯ ಕೇಳಿತು. ವಾದ ಆಲಿಸುವ ಮುಂಚೆ, 2024ರ ನವೆಂಬರ್‌ನಲ್ಲಿ, ನ್ಯಾಯಾಧೀಶರು ಐಪಿಸಿಸಿ ವರದಿ ಬರೆದ ವಿಜ್ಞಾನಿಗಳನ್ನು ಕರೆಸಿ ವಿಷಯ ತಿಳಿದುಕೊಂಡರು. 2025ರ ಜುಲೈ 23ರಂದು ಹೊರಬಂದ ಅಭಿಪ್ರಾಯದಲ್ಲಿ ನ್ಯಾಯಾಲಯ ಐಪಿಸಿಸಿ ವರದಿಗಳನ್ನು ಲಭ್ಯವಿರುವ ಅತ್ಯುತ್ತಮ ವಿಜ್ಞಾನವೆಂದು ಒಪ್ಪಿ, ಹವಾಮಾನವನ್ನು ಕಾಪಾಡುವುದು ದೇಶಗಳ ಕಾನೂನುಬದ್ಧ ಹೊಣೆ ಎಂದಿತು. ಅಭಿಪ್ರಾಯವಷ್ಟೇ, ತೀರ್ಪಲ್ಲ. ಅದನ್ನು ಹಿಡಿದು ತಂತಮ್ಮ ದೇಶಗಳ ಕೋರ್ಟುಗಳಲ್ಲಿ ದಾವೆ ಹೂಡುವ ಕೆಲಸ ಇನ್ನು ಮುಂದಿನದು.